ಹಳೇ ಆಂಪ್ಲಿಫೈಯರ್ ತಗೊಳ್ರಿ, ಆದ್ರ ಮಲ್ಟಿಮೀಟರ್ ಒಯ್ರಿ

ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಸ್ಟೀಲ್ ಗಿಟಾರ್ ಬೇಕೋ ಬೇಡವೋ ಅಂತ ನಮ್ಮ ಸಂಘದಲ್ಲಿ ಎರಡು ವಾರ ವಾದ ನಡೀತು. ಬೇಡ ಅನ್ನೋರ ಮಾತು ಸರಳ: ಕೀಬೋರ್ಡಿನಲ್ಲಿ ಆ ಟೋನ್ ಇದೆ, ಗುಂಡಿ ಒತ್ತಿದರೆ ಬರುತ್ತೆ, ಅದಕ್ಕೊಂದು ಆಂಪ್ಲಿಫೈಯರ್ ಬೇರೆ ಯಾಕೆ? ನಾವು ಇದನ್ನ ಒಪ್ಪೋದಿಲ್ಲ. ಕೀಬೋರ್ಡಿನ ಪಿಚ್ ಬೆಂಡ್ ಚಕ್ರ ತಿರುಗಿಸಿದರೆ ಒತ್ತಿದ ಸ್ವರಗಳೆಲ್ಲ ಒಂದೇ ಅಳತೆಯಲ್ಲಿ ಜಾರುತ್ತವೆ. ಸ್ಟೀಲ್ ಗಿಟಾರಿನಲ್ಲಿ ಉಕ್ಕಿನ ಬಾರನ್ನು ಸ್ವಲ್ಪ ಓರೆ ಹಿಡಿದರೆ ಒಂದು ತಂತಿ ಹೆಚ್ಚು ಜಾರುತ್ತೆ, ಇನ್ನೊಂದು ಕಡಿಮೆ. ಮೀಂಡ್ ಅನ್ನೋದು ಅಲ್ಲಿ ಕೈಯೊಳಗೇ ಇದೆ.

ಮೇಲಾಗಿ ಈ ವಾದ್ಯಕ್ಕೂ ನಮ್ಮ ಬ್ರಾಂಚಿಗೂ ಹಳೇ ನಂಟು. ಹವಾಯಿಯಲ್ಲಿ 19ನೇ ಶತಮಾನದ ಕೊನೆಗೆ ಹುಟ್ಟಿದ ಇದಕ್ಕಾಗಿಯೇ ಮೊದಲ ಎಲೆಕ್ಟ್ರಿಕ್ ಗಿಟಾರ್ ಮಾರುಕಟ್ಟೆಗೆ ಬಂತು. 1932ರ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ತೊಡೆಯ ಮೇಲಿಟ್ಟು ನುಡಿಸೋ ಸ್ಟೀಲ್ ಗಿಟಾರೇ. ನೋಡಾಕ ಥೇಟ್ ರೊಟ್ಟಿ ಹಂಚಿಗೆ ಹಿಡಿಕೆ ಹಚ್ಚಿದಂಗ. ನಮ್ಮ ದೇಶದಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಇದನ್ನ ಹಿಂದೂಸ್ತಾನಿ ಸಂಗೀತಕ್ಕೆ ತಂದರು. 1967ರ 'ಕಾಲ್ ಆಫ್ ದ ವ್ಯಾಲಿ' ಧ್ವನಿಮುದ್ರಿಕೆಯಲ್ಲಿ ಸಂತೂರ್, ಕೊಳಲಿನ ಜೊತೆ ಕೇಳೋ ಗಿಟಾರ್ ಅವರದು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಇವತ್ತಿಗೂ ರಾಗ ನುಡಿಸೋದು ಸ್ಲೈಡ್ ಗಿಟಾರಿನಲ್ಲೇ.

ಈಗ ಆಂಪ್ಲಿಫೈಯರ್ ವಿಷಯಕ್ಕೆ ಬರೋಣ. ವಿಡಿಯೋ ನೋಡಿ ಬಂದ ಗೆಳೆಯರು "ಟ್ಯೂಬ್ ಇಲ್ಲಂದ್ರ ಟೋನ್ ಇಲ್ಲ" ಅಂತಾರೆ. ರಾಕ್ ನುಡಿಸೋರಿಗೆ ಇರಬಹುದು. ಸ್ಟೀಲ್ ಗಿಟಾರಿಗೆ ಬೇಕಾದ್ದು ಒಡೆಯದ, ಸ್ವಚ್ಛ ದನಿ. 400 ಮತ್ತು 500 ಹರ್ಟ್ಜ್‌ನ ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಟ್ ಆದರೆ 100, 300, 600, 900 ಅಂತ ಕರೆಯದ ನೆಂಟರು ಬರ್ತಾರೆ. ಬಾರ್ ಓರೆಯಾಗಿ ಜಾರುವಾಗ ಈ ನೆಂಟರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಓಡಿ ಎಲ್ಲ ಕಲಸುಮೇಲೋಗರ. ಅದೂ ಅಲ್ಲದೆ ಸ್ಟೀಲ್ ನುಡಿಸೋರು ವಾಲ್ಯೂಮ್ ಪೆಡಲನ್ನು ಅರ್ಧ ಒತ್ತಿ ತಂತಿ ಮೀಟಿ, ದನಿ ಇಳಿದಂತೆ ಪೆಡಲ್ ತೆರೆಯುತ್ತಾ ಹೋಗ್ತಾರೆ. ಅದಕ್ಕೆ ಹೆಡ್‌ರೂಮ್ ಬೇಕೇಬೇಕು. ಅಮೆರಿಕದ ಪೆಡಲ್ ಸ್ಟೀಲ್ ವಾದಕರು ದಶಕಗಳಿಂದ ನೆಚ್ಚಿಕೊಂಡ ಪೀವಿ ಸೆಷನ್ 400, ನ್ಯಾಶ್‌ವಿಲ್ 400 ಎರಡೂ ಸಾಲಿಡ್ ಸ್ಟೇಟ್. ಟ್ಯೂಬಿನಲ್ಲೂ ಸ್ವಚ್ಛ ದನಿ ಸಿಗುತ್ತೆ, ಫೆಂಡರ್ ಟ್ವಿನ್ ರಿವರ್ಬ್ ಹೆಸರಾದದ್ದು ಅದಕ್ಕೇ. ಆದರೆ ಅದನ್ನ ಹೊರೋರು ಯಾರು, ಟ್ಯೂಬ್ ಹೋದರೆ ಗೋಕಾಕದಲ್ಲಿ ಎಲ್ಲಿ ಹುಡುಕೋದು?

ನಮ್ಮ ಬಜೆಟ್ 8 ಸಾವಿರ. ಅದೂ ಕೂಡಿಸಿದ ದುಡ್ಡು. ಕೊಟ್ಟವರಲ್ಲಿ ಅರ್ಧದಷ್ಟು ಹುಡುಗರ ಮನೆಯಲ್ಲಿ ಕಬ್ಬಿನ ಬಿಲ್ ಬಂದಾಗಲೇ ಖರ್ಚಿಗೆ ರೊಕ್ಕ. ಹಾಗಾಗಿ ಹೊಸ ಡಿಜಿಟಲ್ ಪೆಟ್ಟಿಗೆಯನ್ನು ಕಂತಿನ ಮೇಲೆ ತರೋಣ ಅನ್ನೋ ಸಲಹೆಗೆ ನಾವು ಬೇಡ ಅಂದೆವು. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಒಂದು ಮನೆಯ ಅಟ್ಟದ ಮೇಲೆ, ನಿಂತುಹೋದ ಆರ್ಕೆಸ್ಟ್ರಾದ 50 ವ್ಯಾಟಿನ ಸಾಲಿಡ್ ಸ್ಟೇಟ್ ಕಾಂಬೋ ಇದೆ ಅಂತ ಸುದ್ದಿ ಸಿಕ್ಕಿತ್ತು. ಹೋದೆವು.

50 ವ್ಯಾಟ್ ಸಾಕಾ ಅಂತ ಕೇಳೋರಿಗೆ: ವ್ಯಾಟ್ ದುಪ್ಪಟ್ಟಾದರೆ ಏರೋದು ಬರೀ 3 ಡೆಸಿಬೆಲ್. 94 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ ತೆಗೆದು 97ರದು ಹಾಕಿದರೂ ಅಷ್ಟೇ ಲಾಭ. ದೊಡ್ಡ ಲೆಕ್ಕ ವೋಲ್ಟೇಜಿನದು. ಹುಕ್ಕೇರಿ ತಾಲೂಕಿಗೆ 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ, ಅದು ಹೆಮ್ಮೆಯ ಮಾತು. ಆದರೆ ಯಾವ ಊರಿನಲ್ಲಾದರೂ ಸಾಲಿನ ತುದಿಯಲ್ಲಿ, ಪಂಪ್‌ಸೆಟ್ ಎಲ್ಲ ಓಡುವಾಗ ವೋಲ್ಟೇಜ್ ಇಳಿಯೋದೇ. 230ರ ಬದಲು 180 ಬಂದರೆ, ಸಾದಾ ಟ್ರಾನ್ಸ್‌ಫಾರ್ಮರ್ ಇರೋ ಆಂಪಿನ ಗರಿಷ್ಠ ಪವರ್ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ. 50 ವ್ಯಾಟ್ ಹೋಗಿ ಸುಮಾರು 31. ಕಿವಿಗೆ ಬರೀ 2 ಡೆಸಿಬೆಲ್ ಕಮ್ಮಿ, ಚಿಂತಿಲ್ಲ.

ನೋಡಬೇಕಾದ್ದನ್ನ ನೋಡಿದೆವು. ಸಿಗ್ನಲ್ ಇಲ್ಲದೆ ಆನ್ ಮಾಡಿ ಸ್ಪೀಕರ್ ತುದಿಗೆ ಡಿಸಿ ಮೀಟರ್ ಹಿಡಿದರೆ ಬಂದದ್ದು 18 ಮಿಲಿವೋಲ್ಟ್. ಹತ್ತಾರು ಮಿಲಿವೋಲ್ಟ್ ಪರವಾಗಿಲ್ಲ. ವೋಲ್ಟುಗಟ್ಟಲೆ ಬಂದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕೆಟ್ಟಿರೋ ಸಾಧ್ಯತೆ ಹೆಚ್ಚು, ಆ ಡಿಸಿ ವಾಯ್ಸ್ ಕಾಯಿಲನ್ನೂ ಸುಡುತ್ತೆ. ನಮಸ್ಕಾರ ಹೇಳಿ ಎದ್ದು ಬರ್ರಿ. 8 ಓಮಿನ ಸ್ಪೀಕರ್ ಮೀಟರಿನಲ್ಲಿ 6.2 ತೋರಿಸಿತು, ಅದು ಸರಿ. ವಾಲ್ಯೂಮ್ ಸೊನ್ನೆ ಇದ್ದರೂ ಗುಂಯ್ ಅಂತಿತ್ತು. ಫೋನಿನ ಸ್ಪೆಕ್ಟ್ರಮ್ ಆ್ಯಪಿನಲ್ಲಿ ನೋಡಿದರೆ 100 ಹರ್ಟ್ಜ್. 50 ಇದ್ದಿದ್ದರೆ ಅರ್ಥಿಂಗ್, ವೈರಿಂಗ್ ಕಡೆ ನೋಡಬೇಕಿತ್ತು. 100 ಅಂದರೆ ರೆಕ್ಟಿಫೈಯರ್ ಆದಮೇಲಿನ ಫಿಲ್ಟರ್ ಕೆಪಾಸಿಟರ್ ಒಣಗಿದೆ ಅಂತ ಲೆಕ್ಕ. ಸೆಮಿಸ್ಟರ್ ಪರೀಕ್ಷೆಗೆ ಬರೆದು ಮರೆತ ರಿಪಲ್ ಇದೇ.

ಎಲ್ಲಕ್ಕಿಂತ ಗಂಭೀರವಾದದ್ದು ಪ್ಲಗ್. ಮೂರನೇ ಪಿನ್ನೇ ಇರಲಿಲ್ಲ. ಮನೆಯವರು ಸಹಜವಾಗಿ, "ಅರ್ಥಿಂಗ್ ಇದ್ರ ಗುಂಯ್ ಅಂತಿತ್ರಿ, ಅದಕ್ಕ ಕತ್ತರಿಸಿ ಒಗದೇವಿ" ಅಂದರು. ಇದು ಬರೀ ಆ ಮನೆಯ ಕಥೆಯಲ್ಲ, ಸ್ಟೇಜ್ ಮೇಲೆ ಇದು ಸಾಮಾನ್ಯ ಚಾಳಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಸಾಮಾನ್ಯವಾಗಿ ಆಂಪಿನ ಚಾಸಿಗೆ ಕೂಡಿರುತ್ತವೆ. ಸ್ಟೀಲ್ ವಾದಕರ ಎಡಗೈಯಲ್ಲಿ ಲೋಹದ ಬಾರ್, ಬಲಗೈಯಲ್ಲಿ ಲೋಹದ ಉಗುರು, ಎರಡೂ ತಂತಿಯ ಮೇಲೆ, ತುಟಿಯ ಮುಂದೆ ಮೈಕ್. ಎಲ್ಲೋ ಒಂದು ಕಡೆ ಲೀಕೇಜ್ ಆದರೆ ಕರೆಂಟಿಗೆ ದಾರಿ ನಾವೇ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರಿಸ್ಟ್ ಲೆಸ್ ಹಾರ್ವಿ, ಅರ್ಥಿಂಗ್ ಸರಿಯಿಲ್ಲದ ಮೈಕ್ ಮುಟ್ಟಿ ವೇದಿಕೆ ಮೇಲೇ ತೀರಿಕೊಂಡರು. ಗುಂಯ್ ಸದ್ದಿಗೆ ಬೇರೆ ಮದ್ದು ಹುಡುಕಬೇಕು, ಅರ್ಥ್ ಕತ್ತರಿಸೋದು ಮದ್ದಲ್ಲ. ನಮ್ಮ ಹಾಲಿನ ಸ್ಟೇಜ್ ಸಾಕೆಟ್ಟಿಗೂ ಅರ್ಥ್ ಇದೆಯೇ ಅಂತ ಅಳೆದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ನಮ್ಮವರನ್ನ ವೇದಿಕೆ ಹತ್ತಿಸೋದಿಲ್ಲ ಅಂತ ಸಂಘದ ಸಭೆಯಲ್ಲಿ ಹೇಳಿದ್ದೇವೆ. ಇದಕ್ಕೆ ದುಡ್ಡಿಲ್ಲ ಅನ್ನೋರು ಬ್ಯಾನರಿನ ಬಿಲ್ ಒಮ್ಮೆ ನೋಡಲಿ.

ವಿದೇಶದಿಂದ ಬಂದ ಆಂಪ್ ಸಿಕ್ಕರೆ ಹಿಂದಿನ ಪಟ್ಟಿ ಓದ್ರಿ. 120 ವೋಲ್ಟ್ ಅಂತ ಇದ್ದರೆ ನೇರ ನಮ್ಮ ಸಾಕೆಟ್ಟಿಗೆ ಹಾಕಬಾರದು, ಸ್ಟೆಪ್‌ಡೌನ್ ಬೇಕು.

ಬಾಗೇವಾಡಿಯ ಪೆಟ್ಟಿಗೆ 6,500ಕ್ಕೆ ಬಂತು. ಜೊತೆಗೆ ಒಂದು ಪೆಂಟೆ ಬೆಲ್ಲ, ಪುಗಸಟ್ಟೆ. ಮೂರು ಪಿನ್ನಿನ ಹೊಸ ಕೇಬಲ್ ಹಾಕಿ ಆಯಿತು. ಫಿಲ್ಟರ್ ಕೆಪಾಸಿಟರ್ ಬದಲಿಸೋದು ಈ ಶನಿವಾರ ಲ್ಯಾಬಿನಲ್ಲಿ. ಪ್ಲಗ್ ತೆಗೆದಮೇಲೂ ಅವು ಚಾರ್ಜ್ ಹಿಡಿದಿರುತ್ತವೆ, ರೆಸಿಸ್ಟರ್ ಹಚ್ಚಿ ಖಾಲಿ ಮಾಡಿಯೇ ಕೈ ಹಾಕೋದು. ಬೆಸುಗೆ ಬರೋರು ಬರ್ರಿ, ಬರದವರೂ ಬಂದು ನೋಡ್ರಿ.