ಕಟ್ಟಿಗೆ ಮನೆಯ ಪ್ಲಾನು ನಿಮ್ಮದೇ ಇರಲಿ

ಹೊಸ ಮನೆ ಕಟ್ಟಿಸುವಾಗ ದೇವರಮನೆ ಎಲ್ಲಿ, ಅಡುಗೆಮನೆ ಯಾವ ಮೂಲೆಗೆ, ಇನ್ನೂ ಕೊಳ್ಳದ ಕಾರಿಗೆ ಎಷ್ಟು ಜಾಗ ಅಂತ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡ್ತಾರೆ. ಕಟ್ಟಿಗೆ ಎಲ್ಲಿಡೋದು ಅಂತ ಮಾತ್ರ ಯಾರೂ ಕೇಳೋದಿಲ್ಲ. ಗೃಹಪ್ರವೇಶ ಮುಗಿದು ನೆಂಟರೆಲ್ಲ ಹೋದ ಮೇಲೆ ಅದು ಹಿತ್ತಲ ಗೋಡೆಗೆ ಒರಗಿ ಕೂರುತ್ತದೆ. ಮೇಲೊಂದು ಹರಿದ ತಾಡಪಾಲು ಹೊದಿಸಿದರೆ ಕೆಲಸ ಮುಗೀತು.

"ಗ್ಯಾಸ್ ಇದೆಯಲ್ಲ, ಕಟ್ಟಿಗೆ ಯಾಕೆ?" ಅಂತೀರಾ? 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಹಳ್ಳಿಮನೆಗಳಿಗೂ ಸಿಲಿಂಡರ್ ಬಂದದ್ದು ನಿಜ. ಆದರೆ ಸಿರುಗುಪ್ಪ ತಾಲ್ಲೂಕಿನ ಕರೂರಿನಂಥ ಊರುಗಳಲ್ಲಿ ಮಾತ್ರವಲ್ಲ, ಬಳ್ಳಾರಿ, ಕುರುಗೋಡಿನ ಹಿತ್ತಲುಗಳಲ್ಲೂ ಸ್ನಾನದ ಹಂಡೆಗೆ ಕಟ್ಟಿಗೆಯೇ ಬೇಕು. 14.2 ಕೆ.ಜಿ. ಸಿಲಿಂಡರನ್ನು ಅಡುಗೆಗೆ ಉಳಿಸಿಕೊಂಡು, ನೀರು ಕಾಯಿಸಲು, ಹಬ್ಬದ ದೊಡ್ಡ ಅಡುಗೆಗೆ ಹೊರಗಿನ ಒಲೆ ಹಚ್ಚುವುದು ಗೃಹಿಣಿಯ ಲೆಕ್ಕಾಚಾರ. ಅದರಲ್ಲಿ ತಪ್ಪೇನಿಲ್ಲ.

ತಪ್ಪಿರುವುದು ಇಲ್ಲಿ: ಬೆಳಗಿನ ಕತ್ತಲಲ್ಲಿ ಆ ರಾಶಿಯೊಳಗೆ ಕೈ ಹಾಕುವವಳು ಒಬ್ಬಳು, ಅದನ್ನು ಎಲ್ಲಿ, ಹೇಗೆ ಇಡಬೇಕು ಅಂತ ತೀರ್ಮಾನಿಸುವವರು ಮತ್ತೊಬ್ಬರು. ನೆಲಕ್ಕೆ ಹತ್ತಿದ ಕಟ್ಟಿಗೆಗೆ ಮೊದಲು ಗೆದ್ದಲು ಬರುತ್ತದೆ. ಸಂದಿಯಲ್ಲಿ ಇಲಿ ಸೇರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಚೇಳಿಗಂತೂ ತೊಗಟೆಯ ಅಡಿಯೇ ಮನೆ. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶ ಮಾಡಿತು. ವಿಷಯ ಅಷ್ಟು ಗಂಭೀರ. ಆದ್ದರಿಂದ ಕಟ್ಟಿಗೆ ಮನೆಯ ಪ್ಲಾನು ಹಾಕಬೇಕಾದವಳು ಅಲ್ಲಿ ಕೈ ಹಾಕುವವಳೇ.

ಮೊದಲು ಜಾಗ. ಒಲೆಯಿಂದ ಹತ್ತು ಹೆಜ್ಜೆ ದೂರವಿರಲಿ. ಕಿಡಿ ಹಾರಬಾರದು, ಮಳೆಯಲ್ಲಿ ನಿಮಗೆ ನಡೆಯಲೂ ಕಷ್ಟವಾಗಬಾರದು. ಗ್ಯಾಸ್ ಸಿಲಿಂಡರ್, ಕರೆಂಟಿನ ವೈರು ಪಕ್ಕದಲ್ಲಿ ಬೇಡ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಗೇ ಕಂಬ ನೆಟ್ಟರೆ ಎರಡು ಮಳೆಗಾಲಕ್ಕೆ ವಾಲುತ್ತದೆ. ಎರೆ ತೆಗೆಸಿ, ಗರಸು ತುಂಬಿ, ಚೆನ್ನಾಗಿ ಬಡಿಸಿ ಆಮೇಲೆ ಕಂಬ ನಿಲ್ಲಿಸಲು ಹೇಳಿ.

ಅಳತೆಗೆ ಟೇಪು ಬೇಡ, ನಿಮ್ಮ ಪೊರಕೆ ಸಾಕು. ಕಟ್ಟಿಗೆಯ ಕೆಳಗೂ ಹಿಂದೆಯೂ ಪೊರಕೆ ಸರಾಗವಾಗಿ ಆಡಬೇಕು. ಅಂದರೆ ನೆಲದಿಂದ ಒಂದೂವರೆ ಅಡಿ ಎತ್ತರ, ಗೋಡೆಯಿಂದ ಒಂದಡಿ ದೂರ. ಸಿಮೆಂಟ್ ಇಟ್ಟಿಗೆಗಳ ಮೇಲೆ ಕಡಪ ಕಲ್ಲು ಹಾಸಿದರೆ ಗೆದ್ದಲಿನ ಕಾಟ ಕಡಿಮೆ. ಒಟ್ಟಿದ ಕಟ್ಟಿಗೆ ನಿಮ್ಮ ಭುಜಕ್ಕಿಂತ ಮೇಲೆ ಹೋಗದಿರಲಿ, ಎಳೆಯುವಾಗ ಮೈಮೇಲೆ ಬೀಳುತ್ತದೆ. ಮೇಲೆ ತಗಡು ಸಾಕು. ಇಳಿಜಾರು ಮನೆಗೋಡೆಯ ಕಡೆಗೆ ಬೇಡ. ಮುಂದಕ್ಕೆ ಒಂದೂವರೆ ಅಡಿ ಚಾಚಿರಲಿ.

ನಾಲ್ಕೂ ಕಡೆ ಗೋಡೆ ಕಟ್ಟಿ ಬಾಗಿಲು ಹಾಕಿಸುವ ಆಸೆ ಬೇಡ. ಕಟ್ಟಿಗೆಗೆ ಗಾಳಿಯೇ ಪ್ರಾಣ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಣಗದ ಕಟ್ಟಿಗೆ ಉರಿಸಿದರೆ ಬೆಂಕಿಯ ಶಾಖ ಆ ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ. ಹಂಡೆಗೆ ಸಿಗುವುದು ಕಡಿಮೆ, ಕಣ್ಣಿಗೆ, ಎದೆಗೆ ಸಿಗುವ ಹೊಗೆ ಹೆಚ್ಚು. ಒಲೆಯ ಹೊಗೆಯಂಥ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹಾಗಾಗಿ ಮುಂದೆ ತೆರೆದಿಡಿ, ಪಕ್ಕಕ್ಕೆ ಜಾಲರಿ ಹಾಕಿಸಿ.

ಒಳಗೆ ಎರಡು ಪಾಲು ಮಾಡಿ. ಒಂದರಲ್ಲಿ ಒಣಗಿದ್ದು, ಇನ್ನೊಂದರಲ್ಲಿ ಹೊಸದು. ಊರಿನ ಹೆಸರು ಹೊತ್ತ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡವಾದರೂ ಉರಿಗೆ ಅದಕ್ಕೆ ಸಾಟಿಯಿಲ್ಲ, ಕೆಂಡವೂ ಬಹಳ ಹೊತ್ತು ಇರುತ್ತದೆ. ಬೇಸಿಗೆಯಲ್ಲೇ ಕಡಿಸಿ, ಮುಳ್ಳು ಸವರಿಸಿ, ಸೀಳಿಸಿ ಒಟ್ಟಿಬಿಡಿ. ಸೆಪ್ಟೆಂಬರ್–ಅಕ್ಟೋಬರ್‌ನ ಮಳೆ ಬರುವಷ್ಟರಲ್ಲಿ ಕಟ್ಟಿಗೆ ಒಣಗಿರಬೇಕು. ಹತ್ತಿ ಕಟ್ಟಿಗೆ, ಮೆಣಸಿನ ಕಟ್ಟಿಗೆ ಬೇಗ ಹತ್ತಿ ಬೇಗ ಆರುತ್ತವೆ, ಅವನ್ನು ಒಲೆ ಹೊತ್ತಿಸುವುದಕ್ಕೆ ಬೇರೆಯಾಗಿಡಿ. ಕಾಳು, ಹೊಟ್ಟು ಮಾತ್ರ ಅಲ್ಲಿ ಬೇಡವೇ ಬೇಡ, ಇಲಿಗೆ ಕರೆದು ಊಟ ಹಾಕಿದಂತೆ.

ಇಷ್ಟೆಲ್ಲ ಆದರೂ ಬರಿಗೈ ಹಾಕಬೇಡಿ. ಒಂದು ಬಲ್ಬು ಹಾಕಿಸಿ, ಚಪ್ಪಲಿ ಮೆಟ್ಟಿ, ಮೊದಲು ಕೋಲಿನಿಂದ ತಟ್ಟಿ, ಮೇಲಿನಿಂದಲೇ ತೆಗೆಯಿರಿ. ಹಾವು ಕಡಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಡಿದ ಕೈಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ ಹೊರಡಿ. ಮಕ್ಕಳಿಗೆ ಚೇಳು ಕುಟುಕಿದರೂ ಅಷ್ಟೇ ಅವಸರ.

"ಕಟ್ಟಿಗೆಗೂ ಖರ್ಚಾ?" ಅಂತ ಮನೆಯವರು ಮೂಗು ಮುರಿಯಬಹುದು. ಕಂಬ, ತಗಡು, ನಾಲ್ಕು ಕಲ್ಲಿನ ಖರ್ಚದು. ಮನೆ ಕಟ್ಟಿ ಮಿಕ್ಕ ಸಾಮಾನಿನಲ್ಲೇ ಅರ್ಧ ಆಗಿಹೋಗುತ್ತದೆ. ಆದರೂ ಒಪ್ಪದಿದ್ದರೆ ಒಂದು ವಾರ ಬೆಳಗಿನ ಜಾವ ಕಟ್ಟಿಗೆ ತರುವ ಕೆಲಸ ಅವರಿಗೇ ಕೊಟ್ಟು ನೋಡಿ. ಎಂಟನೇ ದಿನ ಅವರೇ ಮೇಸ್ತ್ರಿಯನ್ನು ಕರೆಸ್ತಾರೆ. ಆಗ ಪೊರಕೆ ಹಿಡಿದು ಅಳತೆ ಹೇಳುವ ಕೆಲಸ ಮಾತ್ರ ನಿಮ್ಮದೇ ಇರಲಿ.