ತಂತಿ ಕಳಚಿದ ಕಾರಿನಲ್ಲಿ ಮನೆಮಾತು

ಬೆಂಕಿಪೊಟ್ಟಣದಷ್ಟೇ ಗಾತ್ರದ ಒಂದು ಕಪ್ಪು ಪೆಟ್ಟಿಗೆ. ಅದನ್ನು ಕಾರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ, ಅದುವರೆಗೆ ಕೇಬಲ್ಲಿನ ಕೊನೆಯಲ್ಲಿ ಕಟ್ಟಿಹಾಕಿಸಿಕೊಂಡಿದ್ದ ಮೊಬೈಲು ಜೇಬಿನಲ್ಲಿ ಕುಳಿತೇ ಕಾರಿನ ಪರದೆಯನ್ನು ಆಳತೊಡಗುತ್ತದೆ. ದಾರಿ ತೋರಿಸುತ್ತದೆ, ಹಾಡು ಹಾಕುತ್ತದೆ, ಬಂದ ಸಂದೇಶವನ್ನು ಓದಿ ಹೇಳುತ್ತದೆ. ಕನ್ನಡ ವಿಭಾಗದ ಪತ್ರಿಕೆಯಲ್ಲಿ ಈ ಪೆಟ್ಟಿಗೆಯ ಪ್ರಸ್ತಾಪವೇಕೆ ಎಂದು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕೇಳಬಹುದು. ಕಾರು ಈಗ ಮಾತಾಡುತ್ತದೆ ಎಂಬುದೇ ಕಾರಣ. ಮಾತಾಡುವ ವಸ್ತು ಯಾವ ಭಾಷೆಯಲ್ಲಿ ಮಾತಾಡುತ್ತದೆ, ಯಾರು ಮಾತಾಡುತ್ತಿರುವಾಗ ನಡುವೆ ಬಾಯಿ ಹಾಕುತ್ತದೆ ಎಂಬುದು ಭಾಷಾಭ್ಯಾಸಿಗೆ ಸಂಬಂಧಪಟ್ಟ ವಿಷಯ. ಕರ್ನಾಟಕದೊಳಗೆ ಕುಳಿತವರಿಗೆ ಈ ಪ್ರಶ್ನೆ ಅಷ್ಟಾಗಿ ಚುಚ್ಚಲಾರದು. ತಮಿಳುನಾಡಿನ ತೇನಿ, ದಿಂಡಿಗಲ್ ಸೀಮೆಯಲ್ಲಿ, ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ, ಅದು ಚುಚ್ಚಬೇಕಾದ ಪ್ರಶ್ನೆ.

ಮೊದಲು ವಸ್ತುವಿನ ವಿಚಾರ. ಮೊಬೈಲನ್ನು ಕಾರಿನ ಪರದೆಗೆ ಜೋಡಿಸುವ ಎರಡು ಪ್ರಮುಖ ವ್ಯವಸ್ಥೆಗಳಾದ ಆ್ಯಪಲ್‌ನ ಕಾರ್‌ಪ್ಲೇ ಮತ್ತು ಗೂಗಲ್‌ನ ಆಂಡ್ರಾಯ್ಡ್ ಆಟೋ ಲೋಕಕ್ಕೆ ಪರಿಚಯವಾದದ್ದು 2014ರಲ್ಲಿ. ಆರಂಭದಲ್ಲಿ ಎರಡಕ್ಕೂ ಕೇಬಲ್ ಬೇಕಿತ್ತು. ತಂತಿಯ ಹಂಗಿಲ್ಲದ ಜೋಡಣೆ ಆಮೇಲೆ ಒಂದೊಂದಾಗಿ ಬಂದಿತು. 2020ರಲ್ಲಿ ಬಂದ ಆಂಡ್ರಾಯ್ಡ್ 11ರೊಂದಿಗೆ ಅದು ಸಾಮಾನ್ಯ ಮೊಬೈಲುಗಳಿಗೂ ದಕ್ಕಿತು. ಆದರೆ ಅಷ್ಟರಲ್ಲಿ ಕೇಬಲ್ಲನ್ನಷ್ಟೇ ಬಲ್ಲ ಕಾರುಗಳು ರಸ್ತೆಯ ತುಂಬ ಓಡಾಡುತ್ತಿದ್ದವು. ಅವುಗಳ ಮಾಲೀಕರಿಗಾಗಿ ಹುಟ್ಟಿಕೊಂಡದ್ದೇ ಈ ಪೆಟ್ಟಿಗೆ.

ಅದು ಕೆಲಸ ಮಾಡುವ ಬಗೆ ಸ್ವಾರಸ್ಯವಾಗಿದೆ. ಕಾರಿನ ಮುಂದೆ ಅದು ತಾನೇ ಮೊಬೈಲು ಎನ್ನುತ್ತದೆ. ಮೊಬೈಲಿನ ಮುಂದೆ ತಾನೇ ಕಾರು ಎನ್ನುತ್ತದೆ. ಗಾಡಿ ಚಾಲೂ ಆದೊಡನೆ ಬ್ಲೂಟೂತ್ ಮೂಲಕ ಮೊಬೈಲಿನ ಗುರುತು ಹಿಡಿಯುತ್ತದೆ. ಬ್ಲೂಟೂತಿನ ದಾರಿ ಕಿರಿದು. ನಕಾಶೆಯ ಚಲಿಸುವ ಚಿತ್ರ ಅದರಲ್ಲಿ ಹಾಯಲಾರದು. ಆದ್ದರಿಂದ ಪರಿಚಯ ಮುಗಿದ ಮೇಲೆ ಇಬ್ಬರೂ ವೈಫೈ ದಾರಿಗೆ ಹೊರಳುತ್ತಾರೆ. ಇತ್ತ ಕಾರಿನೊಂದಿಗೆ ಮಾತ್ರ ಪೆಟ್ಟಿಗೆಯದು ಹಳೆಯ ತಂತಿಯ ಸಂಬಂಧವೇ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡಿ ಬೆಳೆದ ಗಡಿನಾಡಿನ ಮಕ್ಕಳಿಗೆ ಇಂಥ ದುಭಾಷಿಯ ಬದುಕು ಹೊಸದೇನಲ್ಲ.

ಅನುಕೂಲವಿದೆ, ಸಂಶಯವಿಲ್ಲ. ಕೇಬಲ್ಲಿನ ತುದಿ ಸವೆದು ಸಂಪರ್ಕ ತಪ್ಪುವ ಕಿರಿಕಿರಿ ತಪ್ಪುತ್ತದೆ. ಮೊಬೈಲು ಕೈಗೆ ಸಿಗದ ಕಡೆ ಇದ್ದರೆ ಅದನ್ನು ಎತ್ತಿಕೊಳ್ಳುವ ಚಪಲವೂ ತಗ್ಗೀತು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 184ನೆಯ ಕಲಮು ವಾಹನ ನಡೆಸುತ್ತ ಕೈಯಲ್ಲಿ ಮೊಬೈಲು ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದೆ. ಅನನುಕೂಲವೂ ಇದೆ. ಜೋಡಣೆ ಕೂಡಿಬರಲು ಒಂದಷ್ಟು ಹೊತ್ತು ಕಾಯಬೇಕು. ಮೊಬೈಲು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ದಿಂಡಿಗಲ್ಲಿನಿಂದ ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳೆಯಂ ದಾಟಿ ಕಂಬಂ ತಲಪುವ ನೂರು ಕಿಲೋಮೀಟರು ಮೀರಿದ ದಾರಿಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ತಂತಿ ಕಳಚಿದ ಮೊಬೈಲಿಗೆ ಚಾರ್ಜಿಗಾಗಿ ಮತ್ತೆ ತಂತಿ ಸಿಕ್ಕಿಸುವ ಪ್ರಸಂಗ ಬರುವುದುಂಟು. ತಂತಿಯನ್ನು ಬಿಟ್ಟವರು ತಂತಿಯನ್ನೇ ಹುಡುಕುವಂತಾಗುತ್ತದೆ.

ಇನ್ನು ಹೆಸರಿನ ವಿಚಾರ. ಕನ್ನಡದ ಕಚೇರಿಗಳಲ್ಲಿ ಇಂಥದಕ್ಕೆ ಸಲ್ಲುವ ಪದ ‘ನಿಸ್ತಂತು’. ನಿಃ ಎಂಬ ಉಪಸರ್ಗಕ್ಕೆ ತಂತು ಸೇರಿ ಆದ ರೂಪ; ವಿಸರ್ಗಸಂಧಿಯ ಪಾಠಕ್ಕೆ ಒಳ್ಳೆಯ ಉದಾಹರಣೆ, ಪೊಲೀಸ್ ಠಾಣೆಯ ಆಚೆ ಹೆಚ್ಚು ನಡೆಯದ ನಾಣ್ಯ. ಮರಾಠಿಯಲ್ಲಿ ಇದೇ ಅರ್ಥಕ್ಕೆ ‘ಬಿನತಾರಿ’ ಎನ್ನುತ್ತಾರೆ: ತಾರು ಇಲ್ಲದ್ದು. ಕೇಳಿದೊಡನೆ ಹೊಲಮನೆಯವರಿಗೂ ತಿಳಿಯುವ ಮಾತು. ತಮಿಳರದು ಇನ್ನೂ ಚೆನ್ನಾಗಿದೆ. ಅವರಿಗೆ ಲೋಹದ ತಂತಿ ‘ಕಂಬಿ’, ತಂತಿಯ ಮೇಲೆ ಬರುತ್ತಿದ್ದ ವರ್ತಮಾನ ‘ತಂತಿ’. 1942ರಲ್ಲಿ ಮಧುರೆಯಲ್ಲಿ ಆದಿತ್ತನಾರ್ ಅವರು ಆರಂಭಿಸಿದ ‘ದಿನತ್ತಂತಿ’ ಪತ್ರಿಕೆಯ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥ. ಹಾಗಾಗಿ ‘ಕಂಬಿಯಿಲ್ಲಾ ತಂತಿ’ ಎಂದು ಅವರು ಯಾವ ವಿರೋಧಾಭಾಸವೂ ಇಲ್ಲದೆ ಹೇಳಬಲ್ಲರು. ಕನ್ನಡದಲ್ಲಿ ವೀಣೆಯದೂ ತಂತಿ, ಬೇಲಿಯದೂ ತಂತಿ, ಅಂಚೆ ಕಚೇರಿಯಿಂದ ಎದೆ ನಡುಗಿಸುತ್ತ ಬರುತ್ತಿದ್ದುದೂ ತಂತಿ. ಕಂಬಿಯೆಂದರೆ ರೈಲಿನದು ಅಥವಾ ಸೆರೆಮನೆಯದು. ನೆರೆಯ ಭಾಷೆಗಳಲ್ಲಿ ಒಂದೇ ಶಬ್ದ ಹೀಗೆ ಬೇರೆ ಬೇರೆ ಮನೆ ಮಾಡಿಕೊಂಡಿರುವುದನ್ನು ಗಮನಿಸುವ ಅಭ್ಯಾಸ ತರಗತಿಯಲ್ಲಿ ಕಡಿಮೆಯಾಗಿದೆ.

ನಿಸ್ತಂತು, ಬಿನತಾರಿ, ಕಂಬಿಯಿಲ್ಲಾ: ಮೂರೂ ಇಲ್ಲದ್ದನ್ನು ಹೇಳುತ್ತವೆ. ಇರುವುದನ್ನು ಹೇಳಿದ ಹೆಸರು ಒಂದಿತ್ತು, ಮತ್ತು ಅದು ಹುಟ್ಟಿದ್ದು ಮೈಸೂರಿನಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರ ಕೇಂದ್ರವನ್ನು ತೆರೆದರು. ಅದು ‘ಆಕಾಶವಾಣಿ’ ಎನಿಸಿಕೊಂಡಿತು. ಪುರಾಣದ ಶಬ್ದ ಯಂತ್ರಕ್ಕೆ ಒಗ್ಗಿತು. ಮುಂದೆ ಇಡೀ ದೇಶದ ಬಾನುಲಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ಹಾಗೆ ಹೆಸರಿಡುವ ಧೈರ್ಯ ಇಂದು ಯಾರಲ್ಲೂ ಕಾಣುತ್ತಿಲ್ಲ. ‘ವೈರ್‌ಲೆಸ್’ ಎಂದು ಬರೆದು ಮುಂದೆ ಸಾಗುವುದೇ ರೂಢಿ. ಅದರಲ್ಲಿ ತಪ್ಪೇನೂ ಇಲ್ಲ, ಸ್ವಲ್ಪ ಸೋಮಾರಿತನವಿದೆ.

ಈಗ ಕಂಬಂ ಕಣಿವೆಗೆ ಬರಬೇಕು. ಪಶ್ಚಿಮಕ್ಕೆ ಕೇರಳದ ಬೆಟ್ಟಗಳು, ನಡುವೆ ದ್ರಾಕ್ಷಿಯ ಚಪ್ಪರ, ಬಾಳೆ, ಭತ್ತದ ಗದ್ದೆ. 1895ರಲ್ಲಿ ಪೆನ್ನಿಕ್ವಿಕ್ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದ ಬೆಟ್ಟದ ಸುರಂಗ ಹಾದು ಬರುವ ಪೆರಿಯಾರ್ ನೀರು ಈ ಸೀಮೆಯನ್ನು ಹಸಿರಾಗಿಸಿತು. ಆ ನೀರಿಗೂ ಮುಂಚೆ ಇಲ್ಲಿಗೆ ಬಂದು ನೆಲೆಸಿದ ಕನ್ನಡಿಗ ಒಕ್ಕಲು ಮಕ್ಕಳಿದ್ದಾರೆ. ಕಪ್ಪಿಲಿಯರ್ ಎಂದೂ ಅನುಪ್ಪರ್ ಎಂದೂ ಹೊರಗಿನವರು ಗುರುತಿಸುವ ಈ ಸಮುದಾಯಗಳು ಕನ್ನಡ ನುಡಿಯ ಬೇಸಾಯಗಾರರೆಂಬುದನ್ನು 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್‌ನ ಸಂಪುಟಗಳು ದಾಖಲಿಸಿವೆ. ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾಗಿದ್ದುದು, 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಆ ಸೀಮೆ ಮೈಸೂರಿನದಾಗಿದ್ದುದು ಇತಿಹಾಸದ ಪಾಠಪುಸ್ತಕದಲ್ಲಿ ಸಿಗುತ್ತದೆ. ಈ ಒಕ್ಕಲುಗಳ ಕನ್ನಡ ಯಾವ ಪಾಠಪುಸ್ತಕದಲ್ಲಿಯೂ ಸಿಗುವುದಿಲ್ಲ.

ಕಂಬಂನಲ್ಲಿ ಈ ಸಮುದಾಯ ಸಾಕಿಕೊಂಡು ಬಂದ ದೇವರ ದನಗಳ ಹಿಂಡೊಂದಿದೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’. ಕನ್ನಡದಲ್ಲಿ ಅದನ್ನು ‘ದೇವರು ಆವು’ ಎನ್ನುತ್ತಿದ್ದರೆಂದು ಶತಮಾನದ ಹಿಂದಿನ ದಾಖಲೆ ಹೇಳುತ್ತದೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಆವು! ಹಳಗನ್ನಡ ಕಾವ್ಯ ಓದುವಾಗ ಪುಟದ ಕೆಳಗೆ ‘ಆವು = ಹಸು’ ಎಂದು ಟಿಪ್ಪಣಿ ಬರೆದುಕೊಳ್ಳುವ ಶಬ್ದ. ಬೆಂಗಳೂರಿನವರು ಹಸು ಎಂದರು, ಧಾರವಾಡದವರು ಆಕಳು ಎಂದರು. ಪಶ್ಚಿಮಘಟ್ಟದ ಬುಡದ ಒಂದು ದೊಡ್ಡಿಯಲ್ಲಿ ಆವು ಆವಾಗಿಯೇ ಉಳಿದಿತ್ತು. ಕನ್ನಡ ಶಾಲೆಯ ಬಲವಿಲ್ಲದೆ, ಮುದ್ರಿತ ಪುಸ್ತಕದ ನೆರವಿಲ್ಲದೆ, ಅಜ್ಜಿಯ ಬಾಯಿಂದ ಮೊಮ್ಮಗುವಿನ ಕಿವಿಗೆ ಮಾತ್ರ ಹರಿದ ಕನ್ನಡ ಅದು.

ಆ ಹರಿವಿಗೆ ಬೇಕಾದದ್ದು ಒಟ್ಟಿಗೆ ಕುಳಿತುಕೊಳ್ಳುವ ಹೊತ್ತು. ಓದು ತಮಿಳಿನಲ್ಲಿ, ಕೆಲಸ ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಮಕ್ಕಳು ಮಧುರೆ, ಕೊಯಮತ್ತೂರು, ಚೆನ್ನೈಗಳಿಗೆ ಹೋದ ಮೇಲೆ ಮೂರು ತಲೆಮಾರು ಒಂದು ಕಡೆ ಬಾಗಿಲು ಮುಚ್ಚಿಕೊಂಡು ಎರಡು ಮೂರು ಗಂಟೆ ಇರುವ ಜಾಗಗಳನ್ನು ಲೆಕ್ಕ ಹಾಕಿದರೆ ಕೈಬೆರಳು ಹೆಚ್ಚಾಗುತ್ತವೆ. ಅವುಗಳಲ್ಲಿ ಕಾರು ಒಂದು. ಮದುವೆಗೆ, ಕುಲದೇವರ ಪೂಜೆಗೆ, ಮಾಟ್ಟುಪೊಂಗಲ್ ದಿನ ದೇವರ ದನಗಳನ್ನು ನೋಡಲು ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿ ಕುಳಿತಿದ್ದಾಳೆ ಎಂದು ಭಾವಿಸಿಕೊಳ್ಳಿ. ಯಾವ ತೋಟ ಯಾರದಾಗಿತ್ತು, ಯಾವ ಹೊಲ ಯಾವ ಸಾಲಕ್ಕೆ ಹೋಯಿತು ಎಂದು ಹೇಳುತ್ತ ಬರುತ್ತಾಳೆ. ಹೇಳುವುದು ಕನ್ನಡದಲ್ಲಿ, ಏಕೆಂದರೆ ಆ ಸಂಗತಿಗಳು ಅವಳೊಳಗೆ ಇರುವುದೇ ಕನ್ನಡದಲ್ಲಿ. ನಡುವೆ ಪರದೆ ‘ಟಣ್’ ಎನ್ನುತ್ತದೆ. ಮಗನ ಕಚೇರಿಯ ಸಂದೇಶವೊಂದನ್ನು ಕಾರು ಗಟ್ಟಿಯಾಗಿ ಓದುತ್ತದೆ. ಅಜ್ಜಿ ಸುಮ್ಮನಾಗುತ್ತಾಳೆ. ದೊಡ್ಡವರು ಮಾತಾಡುವಾಗ ಸುಮ್ಮನಿರಬೇಕೆಂದು ಕಲಿತವಳು ಅವಳು. ಯಂತ್ರವನ್ನೂ ದೊಡ್ಡವರ ಸಾಲಿಗೆ ಸೇರಿಸಿದ್ದಾಳೆ.

ಕೇಬಲ್ ಇದ್ದ ಕಾಲದಲ್ಲಿ ಹೀಗೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ ಯಾರಾದರೊಬ್ಬರು ಕೈಚಾಚಿ ಕೇಬಲ್ ಸಿಕ್ಕಿಸಿದರೆ ಮಾತ್ರ ಆಗುತ್ತಿತ್ತು. ಆ ಗೇಣುದ್ದದ ತಂತಿ ಒಂದು ಅಪ್ಪಣೆಯ ಹಾಗಿತ್ತು. ದಾರಿ ಗೊತ್ತಿದ್ದ ಊರಿಗೆ ಹೊರಟಾಗ, ಮನೆಯವರೆಲ್ಲ ಜೊತೆಗಿದ್ದಾಗ, ಕೇಬಲ್ಲಿನ ಗೋಜಿಗೆ ಹೋಗದೆ ಗಾಡಿ ಬಿಡುತ್ತಿದ್ದರು. ಹೊಸ ಪೆಟ್ಟಿಗೆ ಅಪ್ಪಣೆ ಕೇಳುವುದಿಲ್ಲ. ಕೀಲಿ ತಿರುಗಿಸಿದೊಡನೆ ಮೊಬೈಲು ಕಾರನ್ನು ಸೇರಿಕೊಂಡುಬಿಡುತ್ತದೆ. ಅದರ ಸ್ವಾರಸ್ಯವೇ ಅದು, ತಕರಾರೂ ಅದೇ. ತಂತಿಯೊಡನೆ ಕಳಚಿಹೋದದ್ದು ‘ಇಂದು ಬೇಡ’ ಎನ್ನುವ ಸಣ್ಣ ಸಂದರ್ಭ. ಹಾಗಾಗಿ ಇಂಥ ಮನೆಯವರು ಪೆಟ್ಟಿಗೆ ಕೊಳ್ಳುವ ಮುನ್ನ ಒಮ್ಮೆ ಯೋಚಿಸುವುದು ಒಳ್ಳೆಯದು.

ಇದಕ್ಕೆ ಪ್ರತಿವಾದವಿದೆ, ಅದು ಹುರುಳಿಲ್ಲದ್ದೂ ಅಲ್ಲ. ಅದೇ ಮೊಬೈಲು ದೂರದ ಊರಿನ ಮೊಮ್ಮಗಳ ಕರೆಯನ್ನು ಕಾರಿನೊಳಕ್ಕೆ ತರುತ್ತದೆ. ಅವಳು ಅಜ್ಜಿಯೊಡನೆ ಆಡುವುದು ಮನೆಮಾತನ್ನೇ ಇರಬಹುದು. ಕರ್ನಾಟಕದ ಹಾಡು, ನಾಟಕ, ಹರಟೆ ಕಂಬಂನ ಬೀದಿಯಲ್ಲಿ ಈ ಮೊದಲು ಎಂದೂ ಇಷ್ಟು ಸುಲಭವಾಗಿ ಕೇಳಿಸಿರಲಿಲ್ಲ. ಯಂತ್ರಕ್ಕೂ ಈಚೆಗೆ ಕನ್ನಡ ಬರತೊಡಗಿದೆ. ಇದೆಲ್ಲ ನಿಜ. ಆದರೆ ಯಂತ್ರ ಕಲಿತ ಕನ್ನಡ ಯಾವುದು? ಬರಹದಿಂದಲೂ ಧ್ವನಿಮುದ್ರಣಗಳಿಂದಲೂ ಕಲಿತದ್ದು. ಬರಹವೇ ಇಲ್ಲದ, ಮುದ್ರಣವೂ ಆಗದ ನುಡಿ ಅದರ ಕಿವಿಗೆ ಬಿದ್ದಿರುವ ಸಂಭವ ಕಡಿಮೆ. ಕಂಬಂನ ಅಜ್ಜಿ ತನ್ನ ಕನ್ನಡದಲ್ಲಿ ಕಾರಿಗೆ ಏನನ್ನಾದರೂ ಹೇಳಿದರೆ, ಅರ್ಥವಾಗಲಿಲ್ಲವೆಂಬ ಉತ್ತರ ಬಂದೀತು. ತನ್ನದು ಕನ್ನಡವೇ ಅಲ್ಲವೇನೋ ಎಂಬ ಅಳುಕು ಅವಳಿಗೆ ಹುಟ್ಟಿದರೆ, ಆ ನಷ್ಟವನ್ನು ತುಂಬಿಕೊಡುವವರು ಯಾರು? ಕರ್ನಾಟಕದ ಬಂಧುಗಳೂ ಅವಳ ಮಾತು ಕೇಳಿ ‘ಇದು ತಮಿಳೋ ಕನ್ನಡವೋ’ ಎಂದು ನಗುವುದುಂಟು. ಯಂತ್ರವಾದರೂ ನಗುವುದಿಲ್ಲ.

ಕನ್ನಡ ಓದುವವರ ನಿಲುವು ಇಲ್ಲಿ ಸ್ಪಷ್ಟವಿರಬೇಕು. ತಮಿಳಿನ ‘ಕಂಬಿ’ಗೆ ಕನ್ನಡದ ವಿಭಕ್ತಿ ಹತ್ತಿದರೆ ಅದು ಕನ್ನಡ ವಾಕ್ಯವೇ. ಬೆಳಗಾವಿ, ನಿಪ್ಪಾಣಿಯ ಕಡೆ ಮರಾಠಿಯ ‘ತಾರು’ ಕನ್ನಡದ ಪ್ರತ್ಯಯ ತೊಟ್ಟು ಎಷ್ಟೋ ಕಾಲ ಓಡಾಡಿಲ್ಲವೇ? ಅದನ್ನು ಉಪಭಾಷೆಯೆಂದು ಗೌರವಿಸುವವರು ಕಂಬಂನದನ್ನು ಕಲಬೆರಕೆ ಎನ್ನುವುದು ನ್ಯಾಯವಲ್ಲ. ಈ ವರ್ಷದ ಕಿರುಸಂಶೋಧನೆಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳು ಮತ್ತೊಮ್ಮೆ ಪಂಪನ ಮೊರೆಹೋಗುವ ಬದಲು ಒಂದು ಸುಲಭದ ಕೆಲಸ ಮಾಡಬಹುದು. ಕಂಬಂ, ಬೋಡಿನಾಯಕನೂರು, ದಿಂಡಿಗಲ್ ಕಡೆಯ ಕನ್ನಡ ಮನೆಯವರ ಪರಿಚಯವಾದರೆ, ಅವರ ಒಪ್ಪಿಗೆ ಪಡೆದು ಅವರ ಮಾತನ್ನು ಅದೇ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವುದು. ಕಾರಿನ ಭಾಗಗಳಿಗೆ, ಮೊಬೈಲಿಗೆ, ಕೇಬಲ್ಲಿಗೆ, ಈ ಕಪ್ಪು ಪೆಟ್ಟಿಗೆಗೆ ಅವರು ಏನೆನ್ನುತ್ತಾರೆ ಎಂದು ಕೇಳುವುದು. ದನಗಳ ಬಗ್ಗೆಯೂ ಕೇಳಬೇಕು. ಆವು ಎಂಬ ಶಬ್ದ ಇನ್ನೂ ಎಷ್ಟು ಬಾಯಿಗಳಲ್ಲಿದೆ ಎಂದು ಬರೆದುಕೊಳ್ಳಬೇಕು. ಕೇಳುವ ವಿದ್ಯಾರ್ಥಿ ತನ್ನ ಕನ್ನಡವನ್ನು ಅವರ ಮೇಲೆ ಹೇರದೆ ಸುಮ್ಮನೆ ಕೇಳಿಸಿಕೊಂಡರೆ ಸಾಕು.

ಪೆಟ್ಟಿಗೆ ಕೊಂಡವರು ಅದನ್ನು ಕಿತ್ತೆಸೆಯಬೇಕಾಗಿಲ್ಲ. ಕಾರು ಚಾಲೂ ಆದಾಗ ತಾನಾಗಿಯೇ ಜೋಡಣೆಯಾಗುವುದನ್ನು ತಡೆಯುವ, ಸಂದೇಶಗಳನ್ನು ಗಟ್ಟಿಯಾಗಿ ಓದದಂತೆ ಮಾಡುವ ಅವಕಾಶ ಮೊಬೈಲಿನ ಸೆಟ್ಟಿಂಗ್‌ನಲ್ಲಿದೆ. ಹುಡುಕಿ ಬದಲಾಯಿಸಲು ಹೆಚ್ಚು ಹೊತ್ತು ಬೇಡ. ಮನೆಯಂಗಳದಲ್ಲಿ ಗಾಡಿ ನಿಂತಿದ್ದಾಗ, ಅಜ್ಜಿ ಸೆರಗು ಸರಿಪಡಿಸಿಕೊಂಡು ಹಿಂದಿನ ಬಾಗಿಲಿನತ್ತ ಬರುವಷ್ಟರಲ್ಲಿ ಮಾಡಿ ಮುಗಿಸಬಹುದು.