ವದಂತಿಯೂ ಪೊಲೀಸರ ಮಾತೂ



2023ರ ಮಾರ್ಚ್ ತಿಂಗಳಲ್ಲಿ, ತಮಿಳುನಾಡಿನಲ್ಲಿ ಬಿಹಾರದ ಕಾರ್ಮಿಕರನ್ನು ಕೊಲ್ಲುತ್ತಿದ್ದಾರೆಂಬ ವೀಡಿಯೋಗಳು ಫೋನಿನಿಂದ ಫೋನಿಗೆ ಹರಡಿದವು. ಬೇರೆ ಕಾರಣಕ್ಕೆ ನಡೆದ ಜಗಳಗಳಿಗೆ ಸುಳ್ಳು ಕಥೆ ಕಟ್ಟಲಾಗಿತ್ತು. ಪೊಲೀಸರು ಅದು ಸುಳ್ಳೆಂದು ಸಾರಿದರು, ಸಹಾಯವಾಣಿ ತೆರೆದರು. ಬಿಹಾರ ಸರ್ಕಾರದ ತಂಡವೂ ಬಂದು ವಿಚಾರಿಸಿತು. ಅಷ್ಟರಲ್ಲೇ ಹೆದರಿದ ಕೆಲವರು ಕೂಲಿ ಬಿಟ್ಟು ಊರಿನ ರೈಲು ಹತ್ತಿದ್ದರು.

ಪೊಲೀಸರ ಮಾತಿಗಿಂತ ವದಂತಿಗೆ ಬಲವೇಕೆ? ಠಾಣೆಯೆಂದರೆ ಬಡವನಿಗೆ ಭಯ. ಭಾಷೆ ಬಾರದವನಿಗೆ ಇನ್ನೂ ಭಯ. ಗಲಾಟೆಯ ದಿನ ಮಾತ್ರ ಬರುವವರನ್ನು ಯಾರು ನಂಬುವರು? ಉಳಿದ ದಿನಗಳಲ್ಲೂ ಪೊಲೀಸರು ಲೈನುಮನೆಗಳಿಗೆ ಬಂದು, ತಿಳಿಯುವ ಭಾಷೆಯಲ್ಲಿ ದೂರು ಕೇಳಲಿ.

ನಮ್ಮ ಪಾಲೂ ಉಂಟು. ತೋಟಗಳಲ್ಲಿ ಈಗ ಉತ್ತರದವರೂ ನಮ್ಮೊಡನೆ ದುಡಿಯುತ್ತಾರೆ. ಕಣ್ಣಾರೆ ಕಾಣದ್ದನ್ನು ಮುಂದಕ್ಕೆ ಕಳುಹಿಸಬೇಡಿರಿ. ಮೊದಲು ಪಕ್ಕದ ಲೈನಿಗೆ ಹೋಗಿ ಅವರನ್ನೇ ವಿಚಾರಿಸಿರಿ.